ಕಾಟಾ ಒಂದೋ, ಕಾಟಾ ಎರಡೋ

ಕಬ್ಬಿನ ಹಂಗಾಮು ಇನ್ನೂ ಶುರುವಾಗಿಲ್ಲ. ಮಾತಾಡುತ್ತಿರುವವರು ಇಬ್ಬರು. ಒಬ್ಬರು ಜಮಖಂಡಿಯಲ್ಲಿ ಕಾಟಾ (ಗಾಡಿ ತೂಗುವ ಯಂತ್ರ) ಮತ್ತು ಕಂಪ್ಯೂಟರ್ ದುರಸ್ತಿಯ ಅಂಗಡಿ ಇಟ್ಟಿರುವ ಹಿರಿಯರು. ಇನ್ನೊಬ್ಬಳು ಬನಹಟ್ಟಿಯ ಮಗ್ಗಗಳ ಸದ್ದಿನಲ್ಲಿ ಬೆಳೆದು ಈಗ ಬೆಂಗಳೂರಿನಲ್ಲಿ ಲಿನಕ್ಸ್ ಕರ್ನಲ್‌ನ ಡ್ರೈವರುಗಳ ಕೆಲಸ ಮಾಡುವ ಹುಡುಗಿ.

— ತಂಗಿ, ನೀ ಕಂಪ್ಯೂಟರಿನ ಹೊಟ್ಟಿ ಒಳಗಿನ ಕೆಲಸದಾಕಿ. ಒಂದು ತಕರಾರು ಐತಿ, ಬಗಿಹರಿಸು. ಮುಧೋಳ ಹಾದ್ಯಾಗ ಒಂದು ಕಾಟಾ. ಎರಡು ಪ್ಲಾಟ್‌ಫಾರ್ಮು, ಎರಡು ಇಂಡಿಕೇಟರು, ಕಂಪ್ಯೂಟರ್ ಮಾತ್ರ ಒಂದ. ಹೋದ ಹಂಗಾಮಿನ್ಯಾಗ ಒಂದಿನ ಕರೆಂಟ್ ಹೋತು, ಬಂತು. ಅಲ್ಲಿಂದ ಸಂಜಿತನಕ ಒಂದನೇ ಕಾಟಾದ ಮ್ಯಾಲ ನಿಂತ ಟ್ರ್ಯಾಕ್ಟರಿನ ತೂಕ ಎರಡನೇದರ ಚೀಟಿ ಮ್ಯಾಲ, ಎರಡನೇದರದು ಒಂದನೇದರ ಮ್ಯಾಲ. ಎರಡೂ ತುಂಬಿದ ಗಾಡಿ, ಯಾರಿಗೆ ಸಂಶೇ ಬರಬೇಕು? ಬೀಳಗಿ ಕಡಿ ರೈತ ಒಬ್ಬ ಮೊದಲ ಬ್ಯಾರೆ ಕಡೆ ತೂಕ ಮಾಡಿಸಿಕೊಂಡು ಬಂದಿದ್ದ. ನಾಕು ಟನ್ ಕಡಿಮಿ ಬಂತು. ಜಗಳ ಹತ್ತಿತು.

— ನಾಕು ಟನ್ ಅಂದ್ರ ಹುಡುಗಾಟ ಅಲ್ರಿ, ಕಾಕಾ.

— 2024–25ರ ಕೇಂದ್ರದ ದರ ಹಿಡಿ, ಶೇಕಡಾ 10.25 ಸಕ್ಕರಿ ಇಳುವರಿಗೆ ಟನ್ನಿಗೆ 3,400 ರೂಪಾಯಿ. 13,600 ಆತು. ಅದೂ ಹೋಗ್ಲಿ. ಈ ಸೀಮ್ಯಾಗ ಕಾಟಾ ಅಂದಕೂಡಲೆ ರೈತನ ಕಣ್ಣು ಮೊದಲ ಕೆಂಪ ಆಗಿರತಾವ. ಕಾಟಾ ಹೊಡಿತಾರ ಅನ್ನೋ ಮಾತು ಸಮೀರವಾಡಿಯಿಂದ ಬಾಡಗಂಡಿತನಕ ಯಾವ ಚಾದಂಗಡ್ಯಾಗ ಕುಂತ್ರೂ ಕೇಳತೈತಿ. ನಾ ಲೋಡ್ ಸೆಲ್ ತಗದು ನೋಡಿದೆ, ಸರಿ ಇದ್ದು. ಇಂಡಿಕೇಟರಿನ ಮ್ಯಾಲ ಮಾಪನ ಇಲಾಖೆಯ ಮುದ್ರೆ ಹಂಗ ಐತಿ. ಹೊರಗ ಕಾಣೋ ಕೆಂಪು ಅಂಕಿ ಒಂದು ಕಿಲೋ ತಪ್ಪಿಲ್ಲ. ಚೀಟಿ ಮಾತ್ರ ಅದಲಬದಲ.

— ಕಂಪ್ಯೂಟರಿಗೆ ಇಂಡಿಕೇಟರ್ ಹೆಂಗ ಜೋಡಿಸೀರಿ?

— ಇಂಡಿಕೇಟರಿಂದ ಹಳೇ ಒಂಬತ್ತು ಪಿನ್ನಿನ ಸೀರಿಯಲ್ ವಾಯರ್ ಬರತೈತಿ. ಈಗಿನ ಕಂಪ್ಯೂಟರಿಗೆ ಆ ತೂತ ಎಲ್ಲೈತಿ? ಯುಎಸ್‌ಬಿ ಕನ್ವರ್ಟರ್ ಹಚ್ಚೀವಿ, ಎರಡು. ಸಾಫ್ಟ್‌ವೇರಿನ್ಯಾಗ ಒಂದನೇ ಕಾಟಾ ಅಂದ್ರ ಟಿಟಿವೈಯುಎಸ್‌ಬಿ0, ಎರಡನೇದು ಟಿಟಿವೈಯುಎಸ್‌ಬಿ1 ಅಂತ ಬರದೈತಿ.

— ತಕರಾರು ಅಲ್ಲೇ ಐತ್ರಿ. ಆ 0, 1 ಕಾಟಾದ ನಂಬರ್ ಅಲ್ಲ, ಕನ್ವರ್ಟರಿನ ನಂಬರೂ ಅಲ್ಲ. ಯಾವುದು ಮೊದಲ ಬಂತು ಅನ್ನೋ ಪಾಳಿ ಅದು. ಕಾರ್ಖಾನಿ ಯಾರ್ಡಿನ ಗೇಟಿನ್ಯಾಗ ಟ್ರ್ಯಾಕ್ಟರಿಗೆ ಟೋಕನ್ ಕೊಡ್ತಾರಲ್ಲ, ಹಂಗ. ಇವತ್ತು 14 ಸಿಕ್ಕಂವಗ ನಾಳೆ 14 ಸಿಗಬೇಕಂತ ಇಲ್ಲ. ಕರ್ನಲ್, ಅಂದ್ರ ಲಿನಕ್ಸಿನ ತಿರುಳು, ತನ್ನ ಹತ್ರ ಖಾಲಿ ಇದ್ದ ಎಲ್ಲಾಕಿಂತ ಸಣ್ಣ ಅಂಕಿ ತಗದು ಕೊಡತೈತಿ. ಕಂಪ್ಯೂಟರ್ ಚಾಲೂ ಆಗುವಾಗ ಎರಡನೇ ಕಾಟಾದ ಕನ್ವರ್ಟರ್ ಅರೆಕ್ಷಣ ಮೊದಲ ಎಚ್ಚರ ಆತಂದ್ರ ಅದಕ್ಕ 0.

— ಮತ್ತ ಇಷ್ಟು ದಿನ ಸರಿ ಹೆಂಗ ಬಂತು?

— ಪುಣ್ಯ. ಅದ ಹಬ್, ಅದ ಕ್ರಮ, ದಿನಾ ಅದ ಹೊತ್ತಿಗೆ ಚಾಲೂ. ಹಂಗ ನಡಕೋತ ಬಂದಿದ್ದನ್ನ ನಾವು ಕಾಯ್ದೆ ಅನ್ಕೋತೀವಿ.

— ಆದ್ರ ಇನ್ನೊಂದು ಐತಿ. ಒಮ್ಮೊಮ್ಮೆ ಕಂಪ್ಯೂಟರ್ ಬಂದ್ ಆಗಿರಂಗಿಲ್ಲ, ವಾಯರ್ ಒಂದ ಸಡಿಲಾಗಿ ಮತ್ತ ಕೂಡತೈತಿ. ಆವಾಗ ಅದು 0 ಆಗೂದಿಲ್ಲ, 1 ಆಗೂದಿಲ್ಲ. ಟಿಟಿವೈಯುಎಸ್‌ಬಿ2 ಅಂತ ಹೊಸಾದೊಂದು ಹುಟ್ಟತೈತಿ. ಸಾಫ್ಟ್‌ವೇರ್ ತೂಕ ಬರಲಿಲ್ಲಂತ ಸುಮ್ನ ಕುಂದರತೈತಿ. ಅದಕ್ಕೇನಂತಿ?

— ಅದನ್ನ ಕೇಳಿ ನನಗ ಖುಷಿ ಆತ್ರಿ, ಯಾಕಂದ್ರ ನಮ್ಮ ಕೆಲಸದ ಅರ್ಧ ತಲಿನೋವು ಅದರಾಗ ಐತಿ. ವಾಯರ್ ಕಿತ್ತಿತು, ಸಾಮಾನು ಹೋತು. ಆದ್ರ ನಿಮ್ಮ ಸಾಫ್ಟ್‌ವೇರ್ 0 ಅನ್ನೋ ಬಾಗಿಲಾ ತಕ್ಕೊಂಡು ಇನ್ನೂ ಒಳಗ ಕುಂತೈತಿ. ಅದು ಹೊರಗ ಬರೂತನಕ 0 ಅನ್ನೋ ಅಂಕಿ ಖಾಲಿ ಆಗಂಗಿಲ್ಲ. ಯಾರ್‍ಯಾರು ಹಿಡಕೊಂಡಾರ ಅನ್ನೋದರ ಲೆಕ್ಕ ಕರ್ನಲ್ ಹತ್ರ ಇರತೈತಿ. ಲೆಕ್ಕ ಸೊನ್ನಿ ಆದ ಮ್ಯಾಲನ ಅಂಕಿ ವಾಪಸ್. ಹಿಂಗಾಗಿ ತಿರುಗಿ ಬಂದ ಕನ್ವರ್ಟರಿಗೆ 0 ಇಲ್ಲ, 1 ಮೊದಲ ಇಲ್ಲ, 2 ಸಿಗತೈತಿ.

— ಕಿತ್ತ ಕೂಡಲೆ 0 ಬಿಡುಗಡಿ ಮಾಡಿದ್ರ ಏನು ಗಂಟು ಹೋಗತಿತ್ತು? ಅದು ಬಂದು ಅಲ್ಲೇ ಕುಂದರತಿತ್ತಲ್ಲ.

— ಅದ ಬರತೈತಿ ಅಂತ ಏನ್ ಗ್ಯಾರಂಟಿ? ಆ ಹೊತ್ತಿನ್ಯಾಗ ಯಾರರ ಪ್ರಿಂಟರಿನ ಸೀರಿಯಲ್ ಕನ್ವರ್ಟರ್ ಹಚ್ಚಿದ್ರ ಅದಕ್ಕ 0 ಹೋಗತಿತ್ತು. ಸಾಫ್ಟ್‌ವೇರ್ ತನ್ನ ಹಳೇ ಕಾಟಾನ ಅಂತ ತಿಳದು ಮಾತಾಡತಿತ್ತು. ತೂಕ ಬರದಿದ್ರ ಆಪರೇಟರ್ ಒದರತಾನ. ಬ್ಯಾರೆಯವರ ತೂಕ ಬಂದ್ರ ಯಾರೂ ಒದರಂಗಿಲ್ಲ. ನಂಬರ್ ಕೊಡೋದು ಸಸಾರ ಕೆಲಸ್ರಿ. ಯಾವಾಗ ವಾಪಸ್ ತಗೋಬೇಕು ಅನ್ನೋದ ಕಠಿಣ.

— ನಿನ್ನ ಕರ್ನಲ್ ಈ ಅಂಕಿ ಎಲ್ಲಿ ಬರದಿಟ್ಟಿರತೈತಿ? ವಹಿ ಏನರ ಐತೇನು?

— ಒಂದೊಂದು ಡ್ರೈವರಿಗೆ ಒಂದೊಂದು. ಮೊದಲ ಮೊದಲ ಡ್ರೈವರ್ ಬರಿಯೋರು ತಮ್ಮ ತಮ್ಮ ಬುದ್ಧಿಗೆ ಬಂದಂಗ ಮಾಡತಿದ್ರು. ಕೆಲವರು ಒಂದು ಎಣಿಕಿ ಇಟ್ಟು ಬಂದಂಗ ಬಂದಂಗ ಒಂದು ಕೂಡಸತಿದ್ರು, ಹೋದ್ರ ಕಳಿತಿರಲಿಲ್ಲ. ದಿನಾ ಕಿತ್ತು ಹಚ್ಚಿದ್ರ ಅಂಕಿ ಸುಮ್ನ ಬೆಳಕೋತ ಹೋಗೋದು. ಕೆಲವರು 32 ಮನಿಯ ಪಟ್ಟಿ ಇಟ್ಟು ಖಾಲಿ ಮನಿ ಹುಡುಕತಿದ್ರು. ಎರಡು ಸಾಮಾನು ಒಂದ ಗಳಿಗ್ಯಾಗ ಬಂದು, ಇಬ್ಬರಿಗೂ 3ನೇ ಮನಿ ಖಾಲಿ ಕಂಡು, ಇಬ್ಬರೂ ಅಲ್ಲೇ ಹೊಕ್ಕು ಬಡಿದಾಡಿದ್ದೂ ಐತಿ. ಆಮ್ಯಾಲ ಎಲ್ಲಾರಿಗೂ ಸೇರಿ ಒಂದು ಕಟ್ಟಿದ್ರು. ಐಡಿಆರ್ ಅಂತ ಮೊದಲ ಬಂತು, ಅಂಕಿ ಕೊಟ್ರ ಅದಕ್ಕ ಸಂಬಂಧಪಟ್ಟ ಸಾಮಾನು ಹುಡುಕಿ ಕೊಡತೈತಿ. ಬರೇ ಅಂಕಿ ಸಾಕು, ಹುಡುಕೋದು ಬ್ಯಾಡ ಅನ್ನೋರಿಗೆ 2007ರಾಗ ಟೇಜುನ್ ಹಿಯೋ ಅನ್ನೋರು ಐಡಿಎ ಅಂತ ಹಗುರದ್ದೊಂದು ಮಾಡಿದ್ರು. ಒಂದು ಅಂಕಿಗೆ ಒಂದು ಬಿಟ್. ಈಗ 128 ಬೈಟಿನ ತುಣಕಿನ್ಯಾಗ 1024 ಅಂಕಿ ಹಿಡಿತಾವ. ಬೀಗ ಒಳಗ ಐತಿ, ಇಬ್ಬರಿಗೆ ಒಂದ ಅಂಕಿ ಹೋಗಂಗಿಲ್ಲ.

— ಹಂಗಾರ ಮುಗೀತಲ್ಲ. ನೀವೆಲ್ಲ ಬೆಂಗಳೂರಾಗ ಏನ್ ಮಾಡ್ತೀರಿ ಮತ್ತ?

— (ನಗುತ್ತ) ಮುಗಿಯಂಗಿಲ್ರಿ. ಐಡಿಎದ ಹಳೇ ಫಂಕ್ಷನ್ನಿಗೆ ಎಲ್ಲಿಂದ ಎಲ್ಲಿಗೆ ಅಂತ ಎರಡು ಅಂಕಿ ಹೇಳಬೇಕಿತ್ತು. ಕಡೀ ಅಂಕಿ ಲೆಕ್ಕಕ್ಕ ಬರತಿರಲಿಲ್ಲ. 0ದಿಂದ 8 ಅಂದ್ರ 7ರತನಕನ. 2018ರ 4.19ನೇ ಆವೃತ್ತ್ಯಾಗ ಮ್ಯಾಥ್ಯೂ ವಿಲ್ಕಾಕ್ಸ್ ಹೊಸಾ ಫಂಕ್ಷನ್ ತಂದ್ರು. ಅದರಾಗ ಕಡೀ ಅಂಕಿನೂ ಸೇರತೈತಿ. ಹಳೇದರ ಜಾಗಾದಾಗ ಹೊಸಾದು ಕಣ್ಣ ಮುಚ್ಚಿ ಹಾಕಿದ್ರ ಎಂಟು ಸಾಮಾನು ಹಿಡಿಯೋ ಜಾಗಕ್ಕ ಒಂಬತ್ತನೇದು ಬಂದು ನಿಂದರತೈತಿ, ಬಾಜೂಕಿನವರ ಮೆಮೊರಿ ತುಳಿತೈತಿ. ಇನ್ನೂ ಒಂದು ಮಜಾ. ಹಳೇದರಾಗ ಕಡೀ ಅಂಕಿ 0 ಅಂದ್ರ ಮಿತಿ ಇಲ್ಲ ಅಂತ ಅರ್ಥ. ಹೊಸಾದರಾಗ 0 ಅಂದ್ರ 0ನ. ಮೊದಲನೇ ಸಾಮಾನು ಛಲೋ ನಡಿತೈತಿ, ಎರಡನೇದಕ್ಕ ಜಾಗಾ ಇಲ್ಲ ಅಂತೈತಿ. ಡ್ರೈವರ್ ಬರದಂವನ ಮೇಜಿನ ಮ್ಯಾಲ ಒಂದ ಸಾಮಾನು ಇದ್ರ ಈ ತಪ್ಪು ಅವನಿಗೆ ಜನ್ಮದಾಗ ಕಾಣಂಗಿಲ್ಲ.

— ಎರಡು ಪ್ಲಾಟ್‌ಫಾರ್ಮಿನ ಕಾಟಾ ಇಟ್ಟಂವಗ ಕಾಣತೈತಿ.

— ಹೌದ್ರಿ, ಇಲ್ಲೇ ಕಾಣತೈತಿ. ಅದಕ್ಕ ನಾವು ಪ್ಯಾಚ್, ಅಂದ್ರ ಡ್ರೈವರಿಗೆ ಬಂದ ತಿದ್ದುಪಡಿ, ನೋಡುವಾಗ ಕೇಳೋದು ಮೂರ ಮಾತು. ಕಡೀ ಅಂಕಿ ಸರಿ ಐತೇನು? ಅರ್ಧಾ ದಾರ್‍ಯಾಗ ಕೆಟ್ಟು ನಿಂತ್ರ ತಗೊಂಡ ಅಂಕಿ ವಾಪಸ್ ಕೊಟ್ಟೀಯೇನು? ಕಡೀಕ, ವಾಪಸ್ ಕೊಡೋದರ ಸರದಿ ಸರಿ ಐತೇನು? ಮೊದಲ ಸಾಮಾನಿನ ಹೆಸರು ಪಟ್ಟಿಯಿಂದ ತಗದು ಆಮ್ಯಾಲ ಅಂಕಿ ಬಿಡಬೇಕು. ತಿರುಗು ಮುರುಗು ಮಾಡಿದ್ರ ಅದ ಗಳಿಗ್ಯಾಗ ಬಂದ ಇನ್ನೊಂದಕ್ಕ ಅದ ಅಂಕಿ ಹೋಗತೈತಿ. ಆ ಹೆಸರು ಮೊದಲ ಐತಿ, ಇನ್ನೊಂದು ಮಾಡಾಕ ಬರಂಗಿಲ್ಲ ಅಂತ ಸಾಧನಗಳ ಹೆಸರಿನ ಪಟ್ಟಿ ಇಡೋ ಸಿಸ್‌ಎಫ್‌ಎಸ್ ಒದರತೈತಿ. ಲಾಗಿನ್ಯಾಗ ಆ ಸಾಲು ಕಂಡ್ರ ನಾ ಮೊದಲ ಹೋಗಿ ನೋಡೋದು ಇದನ್ನ.

— ಸಣ್ಣ ಅಂಕಿನ ಯಾಕ ಕೊಡಬೇಕು? ಮುಂದ ಮುಂದ ಹೋಗಿದ್ರ ಈ ಗೊಂದಲ ಇರತಿರಲಿಲ್ಲಲ್ಲ.

— ಹಂಗ ಮಾಡೋ ಜಾಗಾನೂ ಅದಾವ್ರಿ. ಒಂದೊಂದು ಬಸ್ಸಿನ ಮ್ಯಾಲ ಯುಎಸ್‌ಬಿ ಸಾಮಾನಿಗೆ 1ರಿಂದ 127ರತನಕ ಒಂದು ಅಂಕಿ ಇರತೈತಿ. ಅದನ್ನ ಲಿನಕ್ಸ್ ಮುಂದ ಮುಂದ ಕೊಟಗೋತ ಹೋಗಿ 127 ಮುಟ್ಟಿದ ಮ್ಯಾಲನ ಹಿಂದಕ್ಕ ಬರತೈತಿ. ನೀವು ಕಿತ್ತು ಹಚ್ಚಿದಾಗೆಲ್ಲ ಎಲ್‌ಎಸ್‌ಯುಎಸ್‌ಬಿ ಪಟ್ಟ್ಯಾಗ ಅಂಕಿ ಬೆಳೆದಿದ್ದು ಅದಕ್ಕ. ಹೋದಂವನ ಅಂಕಿ ಲಗೂನ ಇನ್ನೊಬ್ಬಂವಗ ಸಿಗಬಾರದು ಅನ್ನೋ ಎಚ್ಚರಿಕಿ. ಟಿಟಿವೈದಾಗ ಹಂಗ ಮಾಡಿದ್ರ ಜನ ಸುಮ್ನಿರಂಗಿಲ್ಲ, ನಿನ್ನೆ 0 ಇದ್ದದ್ದು ಇವತ್ತು 37 ಆತು ಅಂತ ಬೈತಾರ.

— ವಿಂಡೋಸ್ ಇದ್ದಾಗ ನಮಗ ಹಂಗ ಆಗಿತ್ತು ನೋಡು. ಕಾಮ್3 ಇದ್ದದ್ದು ಕಾಮ್4, ಆಮ್ಯಾಲ ಕಾಮ್11, ಕಾಮ್14. ಮೂರು ಕನ್ವರ್ಟರ್ ಇಲ್ಲದ ಊರಾಗ ಕಾಮ್14 ಎಲ್ಲಿಂದ ಬಂತಂತ ತಲಿ ಕೆರಕೊಂಡಿದ್ದೆ.

— ವಿಂಡೋಸ್ ಮರಿಯಂಗಿಲ್ಲ, ಲಿನಕ್ಸ್ ನೆನಪಿಡಂಗಿಲ್ಲ. ವಿಂಡೋಸ್ ಒಂದು ಸಲ ಕಂಡ ಸಾಮಾನಿಗೆ ಆ ನಂಬರ್ ತಗದ ಇಟ್ಟಿರತೈತಿ. ಸಾಮಾನಿಗೆ ತಂದ ಅಂತ ಒಂದು ಸೀರಿಯಲ್ ನಂಬರ್ ಇಲ್ಲಂದ್ರ ಯಾವ ತೂತಿಗೆ ಹಚ್ಚೀರಿ ಅನ್ನೋದರ ಮ್ಯಾಲ ಗುರುತಿಡತೈತಿ. ತೂತ ಬದಲಿ ಮಾಡಿದ್ರ ಅದು ಹೊಸಾ ಸಾಮಾನಂತ ತಿಳಿತೈತಿ, ಇನ್ನೊಂದು ನಂಬರ್ ಕೊಡತೈತಿ.

— ಹಂಗಾರ ಕಾಯಂ ಅಂಕಿ ಹಂಚಿ ಕೊಟ್ಟುಬಿಡಬೇಕಿತ್ತು. ಜಗತ್ತಿನ್ಯಾಗಿನ ಪ್ರತಿ ಸಾಮಾನಿಗೆ ಒಂದು.

— ಅದನ್ನೂ ಮಾಡಿ ನೋಡ್ಯಾರ್ರಿ. ಯುನಿಕ್ಸ್ ಕಾಲದಿಂದ ಒಂದೊಂದು ಸಾಧನಕ್ಕ ಎರಡು ಅಂಕಿ. ಮೇಜರ್ ಅಂದ್ರ ಯಾವ ಡ್ರೈವರು. ಮೈನರ್ ಅಂದ್ರ ಆ ಡ್ರೈವರಿನ ಕೈ ಕೆಳಗ ಎಷ್ಟನೇದು. ಯುಎಸ್‌ಬಿ ಸೀರಿಯಲ್ಲಿಗೆ ಮೇಜರ್ 188, ನಿಮ್ಮ 0 ಮತ್ತು 1 ಮೈನರ್. ಲಿನಕ್ಸಿನ್ಯಾಗ ಮೊದಲ ಎರಡಕ್ಕೂ ಎಂಟೆಂಟು ಬಿಟ್ ಇದ್ದು, ಹಂಗಂದ್ರ 256 ಮೇಜರ್, ಒಂದೊಂದಕ್ಕ 256 ಮೈನರ್. ಎಚ್. ಪೀಟರ್ ಆನ್ವಿನ್ ಅನ್ನೋರು ಆ ಪಟ್ಟಿ ಕಾಯತಿದ್ರು, ಹೊಸಾ ಸಾಮಾನು ಮಾಡಿದವರು ಅವರ ಹತ್ರ ಅಂಕಿ ಕೇಳಬೇಕಿತ್ತು. ಜಗತ್ತಿನ ಸಾಮಾನು ಏರಿದಂಗ ಏರಿದಂಗ ಅಂಕಿ ತೀರಾಕ ಬಂದು. 2.6ರಾಗ ಮೇಜರಿಗೆ 12 ಬಿಟ್, ಮೈನರಿಗೆ 20 ಮಾಡಿದ್ರು. ಆದ್ರ ಅಷ್ಟರೊಳಗ ಎಲ್ಲಾರಿಗೂ ತಿಳಿದಿತ್ತು, ಜಾಗಾ ಸಾಲದೇ ಇರೋದೊಂದ ಅಲ್ಲ ತ್ರಾಸು. ಕರ್ನಲ್ಲಿಗೆ ಗೊತ್ತಿರೋದು ಪಾಳಿ ಅಷ್ಟ. ಯಾವ ಸಾಮಾನು ಯಾವ ಕೆಲಸಕ್ಕ ಅನ್ನೋದು ಊರಿನವರಿಗೆ ಗೊತ್ತು.

— ಊರಿನವರು ಯಾರು, ನಾನಾ?

— ನೀವ. ಡೆವ್‌ಎಫ್‌ಎಸ್ ಅಂತ ಒಂದು ತಂದು ಕರ್ನಲ್ಲ ಹೆಸರಿಡಲಿ ಅಂತ ನೋಡಿದ್ರು, ಸರಿ ಬರಲಿಲ್ಲ, 2006ರಾಗ ಕಿತ್ತು ಹಾಕಿದ್ರು. ಅದಕ್ಕ ಮೊದಲ, 2003ರಾಗ, ಗ್ರೆಗ್ ಕ್ರೋ-ಹಾರ್ಟ್‌ಮನ್ ಯುಡೆವ್ ಶುರು ಮಾಡಿದ್ರು. ಕರ್ನಲ್ ಇಷ್ಟ ಹೇಳತೈತಿ: ಇಂಥಾದೊಂದು ಬಂತು, ತಯಾರಕರ ನಂಬರ್ ಇದು, ಸೀರಿಯಲ್ ಇದು, ಇಂಥಾ ತೂತಿನ್ಯಾಗ ಐತಿ. ಹೆಸರಿಡೋ ನಿಯಮ ಹೊರಗ, ಒಂದು ಫೈಲಿನ್ಯಾಗ, ನೀವು ಬರಿಯೋ ಹಂಗ. ನನಗ ಕೇಳಿದ್ರ ಲಿನಕ್ಸಿನವರು ಮಾಡಿದ ಶ್ಯಾಣ್ಯಾತನದ ಕೆಲಸಗಳಾಗ ಇದೊಂದು. ತನಗ ಗೊತ್ತಿಲ್ಲದ್ದನ್ನ ಗೊತ್ತೈತಿ ಅನ್ನಲಿಲ್ಲ.

— ನಿಯಮ ಬರದಿಲ್ಲ ನಾವು. ಬರಿಬೇಕಂತನೂ ಯಾರೂ ಹೇಳಲಿಲ್ಲ. ಸಾಫ್ಟ್‌ವೇರ್ ಹಾಕಿ ಹೋದಂವ ಬಂದ, ಬಿಲ್ ಕೊಟ್ಟ, ಹೋದ.

— ನಿಮ್ಮ ಕನ್ವರ್ಟರ್ ಯಾವ ಚಿಪ್ಪಿನದು?

— ಒಂದು ಸಿಎಚ್340. ಇನ್ನೊಂದು ಎಫ್‌ಟಿಡಿಐ ಅಂತ ಡಬ್ಬಿ ಮ್ಯಾಲ ಐತಿ. ಒಳಗ ಏನೈತೋ ಆ ಬಸವಣ್ಣಗ ಗೊತ್ತು. ಬಜಾರದಾಗ ತಗೊಂಡದ್ದು.

— ಯುಎಸ್‌ಬಿ ಸಾಮಾನು ಬಂದಕೂಡಲೆ ಎರಡು ನಂಬರ್ ಹೇಳತೈತಿ, ಒಂದೊಂದು 16 ಬಿಟ್‌ನದು. ತಯಾರಕರದು ಒಂದು, ಮಾಲಿನದು ಒಂದು. ಸಿಎಚ್340 ಆದ್ರ 1ಎ86, 7523. ಎಫ್‌ಟಿಡಿಐದು 0403, ಹೆಚ್ಚಾಗಿ 6001. ಡ್ರೈವರಿನ ಒಳಗ ಈ ಜೋಡಿಗಳ ಪಟ್ಟಿ ಇರತೈತಿ. ಎಫ್‌ಟಿಡಿಐ ಡ್ರೈವರಿನ್ಯಾಗ ನೂರಾರು ಸಾಲು, ಆ ಚಿಪ್ ಹಾಕಿ ಜಗತ್ತಿನ್ಯಾಗ ಯಾರ್‍ಯಾರು ಏನೇನು ಮಾಡ್ಯಾರೋ ಎಲ್ಲಾ. ಪಟ್ಟ್ಯಾಗ ಜೋಡಿ ಇದ್ರ ಡ್ರೈವರ್ ತಾನಾಗೆ ಬರತೈತಿ, ಇಲ್ಲದಿದ್ರ ಸಾಮಾನು ಹೆಣ. ಆದ್ರ ಈ ಜೋಡಿ ಜಾತಿ ಹೇಳತೈತಿ, ಆಳಿನ ಹೆಸರು ಹೇಳಂಗಿಲ್ಲ. ಎರಡು ಸಿಎಚ್340 ಇದ್ರ ಎರಡೂ ಅದನ್ನ ಹೇಳತಾವ.

— ಮಂದಿ ಸುಳ್ಳ ಹೇಳಿದಂಗ ಚಿಪ್ಪೂ ಸುಳ್ಳ ಹೇಳಬಹುದಲ್ಲ? ನಾ 0403 ಅಂತ ಹೇಳಿದ್ರ ನೀ ನಂಬತಿ.

— ಕರ್ನಲ್ ನಂಬತೈತಿ, ಬ್ಯಾರೆ ದಾರಿ ಇಲ್ಲ. ನಕಲಿ ಎಫ್‌ಟಿಡಿಐ ಹುಟ್ಟಿದ್ದ ಹಂಗ. 2014ರ ಅಕ್ಟೋಬರದಾಗ ಇದರ ಮ್ಯಾಲ ದೊಡ್ಡ ಗದ್ದಲ ಆತು. ಎಫ್‌ಟಿಡಿಐ ಕಂಪನಿ ವಿಂಡೋಸಿನ ಹೊಸಾ ಡ್ರೈವರ್ ಬಿಟ್ಟಿತು. ಚಿಪ್ ನಕಲಿ ಅಂತ ಗೊತ್ತಾದ್ರ ಅದರ ಒಳಗಿನ ಸಣ್ಣ ಮೆಮೊರಿ ಇಇಪ್ರಾಮಿನ್ಯಾಗಿನ ಮಾಲಿನ ನಂಬರ್ ಅಳಿಸಿ 0000 ಬರಿಯೋದು ಆ ಡ್ರೈವರ್. ವಿಂಡೋಸ್ ಅಪ್‌ಡೇಟಿನ ಕೂಡ ಮಂದಿ ಮನಿಗೆ ಹೋತು. ಮುಂಜಾನೆತನಕ ನಡದ ಸಾಮಾನು ಮಧ್ಯಾಹ್ನಕ್ಕ ಸತ್ತವು. ಕೊಂಡವರಿಗೆ ಅದು ನಕಲಿ ಅನ್ನೋದ ಗೊತ್ತಿರಲಿಲ್ಲ.

— ಮಾಡಿದಂವ ಆರಾಮ, ಕೊಂಡಂವಗ ಶಿಕ್ಷಾ. ಆಮ್ಯಾಲ?

— ಮಂದಿ ಬೈದ್ರು, ಕಂಪನಿ ಆ ಡ್ರೈವರ್ ಹಿಂದಕ್ಕ ತಗೊಂಡಿತು. ಅದ ತಿಂಗಳು ಲಿನಕ್ಸಿಗೆ ಒಂದು ಸಣ್ಣ ಪ್ಯಾಚ್ ಬಂತು. 0403, 0000 ಅನ್ನೋ ಜೋಡಿನೂ ಪಟ್ಟ್ಯಾಗ ಸೇರಿಸಿದ್ರು. ಹಿಂಗಾಗಿ ವಿಂಡೋಸಿನ್ಯಾಗ ಸತ್ತದ್ದು ಲಿನಕ್ಸಿನ್ಯಾಗ ಎದ್ದು ಕುಂತಿತು. ನಕಲಿ ಮಾಡೋರ ಪರ ಅಲ್ಲ ನಾ. ಆದ್ರ ಗಿರಾಕಿಯ ಮನ್ಯಾಗಿನ ಸಾಮಾನಿನ ಗುರುತು ಅಳಸಾಕ ಯಾವ ಡ್ರೈವರಿಗೂ ಹಕ್ಕಿಲ್ಲ ಅನ್ನೋದು ನನ್ನ ಗಟ್ಟಿ ಮಾತು. ಆ ಕನ್ವರ್ಟರ್ ಯಾವ ಆಸ್ಪತ್ರಿ, ಯಾವ ಕಾಟಾದ ಹಿಂದ ಇತ್ತೋ ಡ್ರೈವರಿಗೇನು ಗೊತ್ತು?

— ಕಥಿ ಛಲೋ ಐತಿ. ನನ್ನ ಕಾಟಾಕ್ಕ ಬಾ. ಏನ್ ಮಾಡ್ಲಿ?

— ಸಿಎಚ್340ಕ್ಕ ಹೆಚ್ಚಾಗಿ ಸೀರಿಯಲ್ ನಂಬರ್ ಇರಂಗಿಲ್ಲ. ಅದನ್ನ ಗುರುತಿಸಾಕ ಇರೋದು ಒಂದ ದಾರಿ, ಯಾವ ತೂತಿನ್ಯಾಗ ಐತಿ ಅನ್ನೋದು. ಡೆವ್ ಸೀರಿಯಲ್ ಬೈ-ಪಾತ್ ಅಂತ ಯುಡೆವ್ ತಾನ ಹೆಸರು ಮಾಡಿಟ್ಟಿರತೈತಿ. ಸಾಫ್ಟ್‌ವೇರಿನ್ಯಾಗ ಟಿಟಿವೈಯುಎಸ್‌ಬಿ0 ಅಳಿಸಿ ಆ ಉದ್ದನ್ನ ಹೆಸರು ಹಾಕಿದ್ರ ಕರೆಂಟ್ ಹೋಗಿ ಬಂದ್ರೂ ಅದಲಬದಲ ಆಗಂಗಿಲ್ಲ.

— ಆಪರೇಟರ್ ಕಸಾ ಹೊಡಿಯುವಾಗ ಎರಡೂ ಕಿತ್ತು ತಿರುಗು ಮುರುಗು ಹಚ್ಚಿದ್ರ?

— ಆವಾಗ ಮತ್ತ ಅದ ಜಗಳ. ತೂತಿನ ಗುರುತು ಕಂಪ್ಯೂಟರಿನ ಕಡೆ ಐತಿ, ಕಾಟಾದ ಕಡೆ ಇಲ್ಲ. ಗುರುತು ಕಾಟಾಕ್ಕ ಎಷ್ಟು ಹತ್ರ ಇದ್ರ ಅಷ್ಟು ಛಲೋ. ಅದಕ್ಕ ನಾ ಹೇಳೋದು, ಎರಡೂ ಅಸಲಿ ಎಫ್‌ಟಿಡಿಐ ತಗೋರಿ. ಅದರಾಗ ಸೀರಿಯಲ್ ನಂಬರ್ ಇರತೈತಿ. ನಕಲಿ ಬ್ಯಾಡ, ಒಂದ ನಂಬರ್ ಹೊತ್ತ ಚಿಪ್ ಗೋಣಿಗಟ್ಟಲೆ ತಿರಗತಾವ. ಒಂಬತ್ತು ಪಿನ್ನಿನ ಕಡೆ ಇಂಡಿಕೇಟರಿನ ವಾಯರಿಗೆ ಕೂಡಿಸಿ ಸ್ಕ್ರೂ ಬಿಗೀರಿ, ಮ್ಯಾಲ ಟೇಪ್ ಸುತ್ರಿ. ಈಗ ಕನ್ವರ್ಟರ್ ಕಾಟಾದ ವಾಯರಿನ ಭಾಗ ಆತು. ಯುಎಸ್‌ಬಿ ಕಡೆ ಯಾವ ತೂತಿಗೆ ಹಚ್ಚಿದ್ರೂ ಅದರ ಸೀರಿಯಲ್ ಅದರ ಕೂಡ ಬರತೈತಿ.

— ಆ ಸೀರಿಯಲ್ ನಂಬರ್ ಓದಾಕ ಆಪರೇಟರಿಗೆ ಬರಬೇಕಲ್ಲ. ಎ, ಬಿ, ಅಂಕಿ, ಮತ್ತ ಎ.

— ಬದಲಿ ಮಾಡಬಹುದ್ರಿ. 2014ರಾಗ ಕಂಪನಿ ಸೊನ್ನಿ ಬರದ ಆ ಇಇಪ್ರಾಮ್ ಐತಲ್ಲ, ಅದರಾಗನ ಸೀರಿಯಲ್ಲೂ ಇರತೈತಿ. ವಿಂಡೋಸಿನ್ಯಾಗ ಎಫ್‌ಟಿ ಪ್ರಾಗ್, ಲಿನಕ್ಸಿನ್ಯಾಗ ಎಫ್‌ಟಿಡಿಐ ಇಇಪ್ರಾಮ್ ಅನ್ನೋ ಸಾಧನ. ಒಂದಕ್ಕ ಕಾಟಾ1 ಅಂತ ಬರೀರಿ, ಇನ್ನೊಂದಕ್ಕ ಕಾಟಾ2. ಇಂಗ್ಲಿಷ್ ಅಕ್ಷರದಾಗ ಬರೀರಿ, ಕನ್ನಡ ಹಾಕಾಕ ಹೋಗಬ್ಯಾಡ್ರಿ. ಆಮ್ಯಾಲ ಯುಡೆವ್ ಫೈಲಿನ್ಯಾಗ ಎರಡ ಸಾಲು: ತಯಾರಕ 0403, ಸೀರಿಯಲ್ ಕಾಟಾ1 ಇದ್ರ ಡೆವ್ ಕಾಟಾ1 ಅಂತ ಕೊಂಡಿ ಹಾಕು, ಎರಡನೇದಕ್ಕೂ ಹಂಗ. ಸಾಫ್ಟ್‌ವೇರಿಗೆ ಆ ಎರಡು ಹೆಸರು ಬಿಟ್ಟು ಬ್ಯಾರೆ ಯಾವುದೂ ಗೊತ್ತಿರಬಾರದು. ಕಾಟಾ1 ಸಿಗಲಿಲ್ಲಂದ್ರ ಸುಮ್ನ ನಿಂದರಲಿ, ಬ್ಯಾರೆ ಹುಡುಕಾಕ ಹೋಗಬಾರದು.

— ಸುಮ್ನ ನಿಂತ್ರ ಯಾರ್ಡಿನ್ಯಾಗ ಟ್ರ್ಯಾಕ್ಟರ್ ಸಾಲು ತೇರದಾಳತನಕ ಹತ್ತತೈತಿ ಬಾಳಾ. ಮಾಲಕ ಬೈತಾನ.

— ಬೈಲಿ. ಅರ್ಧಾ ತಾಸು ನಿಂತದ್ದಕ್ಕ ಬೈಗಳ. ತಪ್ಪು ಚೀಟಿ ಹೋದ್ರ ಆ ರೈತ ಮುಂದಿನ ಹಂಗಾಮಿನ್ಯಾಗೂ ನಿಮ್ಮ ಕಾಟಾದ ಮ್ಯಾಲ ಗಾಡಿ ಹತ್ತಸಂಗಿಲ್ಲ.

— ಅದೂ ಖರೆ. ಹಂಗಾರ ಕನ್ವರ್ಟರ್ ತರಿಸ್ತೀನಿ. ಪರೀಕ್ಷಾ ಹೆಂಗ ಮಾಡೋದು?

— ಒಂದನೇ ಕಾಟಾದ ಮ್ಯಾಲ ನಿಮ್ಮ ಮೋಟರ್ ಸೈಕಲ್ ನಿಲ್ಲಸ್ರಿ, ಎರಡನೇದು ಖಾಲಿ ಇರಲಿ. ಸಣ್ಣ ತೂಕ ಕಾಣಲಿಲ್ಲಂದ್ರ ಟ್ರ್ಯಾಕ್ಟರ್ ತರಸ್ರಿ. ಎರಡೂ ಯುಎಸ್‌ಬಿ ಕೀಳ್ರಿ, ಅದಲಬದಲ ಹಚ್ರಿ, ಚೀಟಿ ನೋಡ್ರಿ. ಸಾಫ್ಟ್‌ವೇರ್ ನಡದಾಗೊಮ್ಮೆ, ಬಂದ್ ಇದ್ದಾಗೊಮ್ಮೆ. ಕಂಪ್ಯೂಟರಿನ ಪ್ಲಗ್ ಕಿತ್ತು ಒಮ್ಮೆ.

— ಕೀಳೋದು ಯಾರು, ನಾನಾ?

— ಬ್ಯಾಡ್ರಿ, ನೀವು ಹುಷಾರಾಗಿ ಕೀಳ್ತೀರಿ. ಕಸಾ ಹೊಡಿಯೋ ಆ ಆಪರೇಟರ್ ಕಡಿಂದನ ಕೀಳಸ್ರಿ.